ಸೆಲ್ ಹಾಕುವ ಕರೆಗಂಟೆ: ಒಳಗಿನ ಕೆಲಸವೂ ಅದರ ಆರೈಕೆಯೂ

ಫ್ರಿಜ್ ನಿಂತರೆ ಹಾಲು ಒಡೆಯುತ್ತದೆ, ಫ್ಯಾನ್ ನಿಂತರೆ ಬೆವರು ಸುರಿಯುತ್ತದೆ. ಕರೆಗಂಟೆ ನಿಂತರೆ ಮನೆಯೊಳಗಿರುವವರಿಗೆ ಏನೂ ತಿಳಿಯುವುದಿಲ್ಲ. ನಮ್ಮ ಮನೆಯ ಗಂಟೆ ಕೆಟ್ಟಿದೆಯೆಂದು ಗೊತ್ತಾದದ್ದು ಗ್ಯಾಸ್ ಸಿಲಿಂಡರ್ ತಂದವರು ಎರಡು ಸಲ ಒತ್ತಿ, ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಹಿಂದಿರುಗಿದ ಮೇಲೆ. ಒಳಗಿನ ಪೆಟ್ಟಿಗೆಗೆ ಮೂರು ಹೊಸ ಸೆಲ್ ಹಾಕಿದರೂ ಗಂಟೆ ಬಾಯಿ ಬಿಡಲಿಲ್ಲ. ಹೊಸ ಸೆಟ್ ತರಲು ಹೊರಟವನು ಕೊನೆಯ ಪ್ರಯತ್ನವೆಂದು ಗೇಟಿನ ಗುಂಡಿಯನ್ನು ಬಿಚ್ಚಿ ತಂದು, ಪೆಟ್ಟಿಗೆಯ ಪಕ್ಕದಲ್ಲೇ ಹಿಡಿದು ಒತ್ತಿದಾಗ ಅದು ಎಂದಿನಂತೆ ಹಾಡಿತು. ಸೊರಗಿದ್ದದ್ದು ಗುಂಡಿಯೊಳಗಿನ ಸಣ್ಣ ಸೆಲ್ ಮಾತ್ರ.

ಈ ಗಂಟೆಯಲ್ಲಿ ಎರಡು ಸ್ವತಂತ್ರ ಉಪಕರಣಗಳಿವೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಹೊರಗಿನ ಗುಂಡಿ ಒಂದು ಪುಟ್ಟ ರೇಡಿಯೊ ಪ್ರೇಷಕ. ಒತ್ತಿದ ಕ್ಷಣದಲ್ಲಿ ಮಾತ್ರ ಎಚ್ಚೆತ್ತು, ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ತರಂಗದಲ್ಲಿ ತನ್ನ ಗುರುತಿನ ಸಂಕೇತವನ್ನು ಕಳುಹಿಸಿ ಮತ್ತೆ ಮಲಗುತ್ತದೆ. ಒಳಗಿನ ಪೆಟ್ಟಿಗೆಗೆ ಮಾತ್ರ ಆ ವಿಶ್ರಾಂತಿಯಿಲ್ಲ. ಸಂಕೇತ ಯಾವಾಗ ಬಂದೀತೆಂದು ಅದು ಹಗಲಿರುಳು ಕಿವಿಗೊಟ್ಟಿರಬೇಕಾದ್ದರಿಂದ, ತಿಂಗಳುಗಟ್ಟಲೆ ಯಾರೂ ಮನೆಗೆ ಬಾರದಿದ್ದರೂ ಅದರ ಸೆಲ್ಲುಗಳು ಸವೆಯುತ್ತಲೇ ಇರುತ್ತವೆ. ಊರಿಗೆ ಹೋಗಿ ಬಹಳ ದಿನಗಳ ಮೇಲೆ ಬಂದಾಗ ಗಂಟೆ ಸತ್ತಿರುವುದಕ್ಕೆ ಕಾರಣ ಇದೇ. ಪೆಟ್ಟಿಗೆಯನ್ನು ಪ್ಲಗ್ಗಿಗೆ ಸಿಕ್ಕಿಸುವ ಮಾದರಿಗಳಲ್ಲಿ ಈ ತೊಂದರೆಯಿಲ್ಲ, ಆದರೆ ಕರೆಂಟ್ ಹೋದಾಗ ಅವು ಮೂಕವಾಗುತ್ತವೆ. ಕರೆಂಟ್ ಪದೇ ಪದೇ ಕೈಕೊಡುವ ಊರುಗಳಲ್ಲಿ ಸೆಲ್ ಹಾಕುವ ಪೆಟ್ಟಿಗೆಯೇ ಮೇಲೆಂಬುದು ನನ್ನ ಅಭಿಪ್ರಾಯ.

ಗಂಟೆ ಕೆಟ್ಟಾಗ ದೋಷ ಯಾವ ಭಾಗದಲ್ಲಿದೆ ಎಂದು ಪತ್ತೆ ಹಚ್ಚಲು ನಾನು ಮೇಲೆ ಹೇಳಿದ ಪರೀಕ್ಷೆಯೇ ಸಾಕು. ಗುಂಡಿಯನ್ನು ಪೆಟ್ಟಿಗೆಯ ಹತ್ತಿರ ಹಿಡಿದು ಒತ್ತಿದಾಗ ಬಾರಿಸಿ, ಗೇಟಿನಿಂದ ಒತ್ತಿದಾಗ ಬಾರಿಸದಿದ್ದರೆ ಗುಂಡಿಯ ಸೆಲ್ ಬಲಗುಂದಿದೆ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಒತ್ತಿದಾಗ ಗುಂಡಿಯ ಕೆಂಪು ದೀಪ ಹೊತ್ತಿಕೊಳ್ಳುತ್ತದಲ್ಲ ಎಂದು ಅನೇಕರು ವಾದಿಸುತ್ತಾರೆ. ದೀಪ ಬೆಳಗಲು ಬೇಕಾದ ಶಕ್ತಿ ಅತ್ಯಲ್ಪ, ಸಂಕೇತವನ್ನು ಗೋಡೆ ದಾಟಿಸುವ ಶಕ್ತಿ ಬೇರೆ. ಹತ್ತಿರದಲ್ಲೂ ಬಾರಿಸದಿದ್ದರೆ ಆಗ ಪೆಟ್ಟಿಗೆಯ ಸೆಲ್ಲುಗಳನ್ನೂ, ಅವು ಕೂರುವ ಸ್ಪ್ರಿಂಗುಗಳನ್ನೂ ನೋಡಬೇಕು.

ಗುಂಡಿಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆಯ ಸೆಲ್. ಒಂದು 12 ವೋಲ್ಟಿನ, ಗಿಡ್ಡ ಕೊಳವೆಯಂಥದ್ದು. ಇದರಲ್ಲೇ 23ಎ ಮತ್ತು 27ಎ ಎಂಬ ಎರಡು ಅಳತೆಗಳಿದ್ದು, ಎರಡೂ ಸುಮಾರು 28 ಮಿ.ಮೀ. ಉದ್ದವಿದ್ದರೂ ಮೊದಲನೆಯದು 10 ಮಿ.ಮೀ.ನಷ್ಟು, ಎರಡನೆಯದು 8 ಮಿ.ಮೀ.ನಷ್ಟು ದಪ್ಪವಿರುತ್ತದೆ. ಅಂಗಡಿಯಲ್ಲಿ ‘ಬೆಲ್ಲಿನ ಸೆಲ್ ಕೊಡಿ’ ಎಂದು ಕೇಳಿ ತಂದು, ಅದು ಗುಂಡಿಯೊಳಗೆ ಕೂರದೆ ಮತ್ತೆ ಅಂಗಡಿಗೆ ನಡೆಯುವ ಬದಲು ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗುವುದು ಒಳ್ಳೆಯದು. ಒಮ್ಮೆ ಕುತೂಹಲಕ್ಕೆ ಸತ್ತ 23ಎ ಸೆಲ್ಲಿನ ತಗಡನ್ನು ಬಿಡಿಸಿ ನೋಡಿದ್ದೆ: ಒಳಗೆ ವಾಚಿನ ಸೆಲ್ಲಿನಂಥ ಎಂಟು ಬಿಲ್ಲೆಗಳು ಒಂದರ ಮೇಲೊಂದು ಪೇರಿಸಿದಂತೆ ಕೂತಿದ್ದವು. ಒಂದೊಂದೂ 1.5 ವೋಲ್ಟ್, ಎಂಟು ಸೇರಿ 12. ಬಿಲ್ಲೆಗಳು ಅಷ್ಟು ಚಿಕ್ಕವಾದ್ದರಿಂದಲೇ ಈ ಸೆಲ್ಲಿನಲ್ಲಿ ವೋಲ್ಟೇಜ್ ಹೆಚ್ಚಿದ್ದರೂ ದಾಸ್ತಾನು ಕಡಿಮೆ. (ನೀವು ಬಿಡಿಸಲು ಹೋಗಬೇಡಿ; ಒಳಗಿನ ಕ್ಷಾರ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ.) ಇನ್ನೊಂದು ಬಗೆ ಸಿಆರ್ 2032 ಎಂಬ 3 ವೋಲ್ಟಿನ ಲಿಥಿಯಂ ಬಿಲ್ಲೆ. ಆ ಸಂಖ್ಯೆಯೇ ಅದರ ಅಳತೆ: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ.

ಒಳಗಿನ ಪೆಟ್ಟಿಗೆಗೆ ಎರಡೋ ಮೂರೋ ಪೆನ್ಸಿಲ್ ಸೆಲ್ ಬೇಕಾಗುತ್ತವೆ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ಲುಗಳನ್ನು ಇಲ್ಲಿಗೆ ಬಳಸಬಾರದೆಂದು ನಾನು ಒತ್ತಿ ಹೇಳುತ್ತೇನೆ. ಅವುಗಳ ಸತುವಿನ ಹೊರಕವಚವೇ ವಿದ್ಯುತ್ ಕೊಡುತ್ತಾ ಕರಗುವುದರಿಂದ, ಖಾಲಿಯಾದ ಮೇಲೆ ಮರೆತು ಬಿಟ್ಟರೆ ತೂತಾಗಿ ಸೋರಿ ಸ್ಪ್ರಿಂಗನ್ನು ತಿಂದುಹಾಕುತ್ತವೆ. ಆಲ್ಕಲೈನ್ ಸೆಲ್ ಹಾಕಿ, ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಹಳೆಯದರ ಜೊತೆ ಹೊಸದನ್ನು ಬೆರೆಸಿದರೆ ಬಲವಾದ ಸೆಲ್ಲುಗಳು ದುರ್ಬಲವಾದುದನ್ನು ಉಲ್ಟಾ ದಿಕ್ಕಿಗೆ ತಳ್ಳುತ್ತವೆ. ಸೋರಿಕೆ ಆಗುವುದು ಹೆಚ್ಚಾಗಿ ಆಗಲೇ. ಚಾರ್ಜ್ ಮಾಡುವ ಸೆಲ್ಲುಗಳು 1.2 ವೋಲ್ಟಿನವಾದ್ದರಿಂದ ಮೂರು ಸೇರಿದರೂ 4.5ರ ಬದಲು 3.6 ವೋಲ್ಟಷ್ಟೇ ಸಿಗುತ್ತದೆ, ಕೆಲವು ಪೆಟ್ಟಿಗೆಗಳು ಇದನ್ನು ಒಪ್ಪುವುದಿಲ್ಲ. ರೇಡಿಯೊ ಸೆಲ್ಲುಗಳನ್ನು ಬಿಸಿಲಿಗಿಟ್ಟು ಇನ್ನೊಂದು ವಾರ ವಾರ್ತೆ ಕೇಳುತ್ತಿದ್ದ ಕಾಲವನ್ನು ನಾನೂ ಕಂಡಿದ್ದೇನೆ; ಬಿಸಿಗೆ ಸ್ವಲ್ಪ ಹೊತ್ತು ಚೈತನ್ಯ ಬರುವುದು ನಿಜವಾದರೂ ಕರೆಗಂಟೆಗೆ ಆ ಉಪಾಯ ಸಲ್ಲದು.

ಸೆಲ್ ಕೂರುವ ಜಾಗದಲ್ಲಿ ಬಿಳಿಯ ಪುಡಿ ಕಟ್ಟಿದ್ದರೆ ಪೆಟ್ಟಿಗೆಯನ್ನು ಎಸೆಯಬೇಕಾಗಿಲ್ಲ. ಅದು ಆಲ್ಕಲೈನ್ ಸೆಲ್ಲಿನಿಂದ ಸೋರಿದ ಕ್ಷಾರ ಗಾಳಿ ತಾಗಿ ಗಟ್ಟಿಯಾದದ್ದು. ಕೈಗವಸು ಹಾಕಿಕೊಂಡು, ಕಿವಿ ಶುಚಿಮಾಡುವ ಹತ್ತಿಕಡ್ಡಿಯ ತುದಿಗೆ ಒಂದೆರಡು ಹನಿ ನಿಂಬೆರಸ ಅಥವಾ ವಿನೆಗರ್ ತಾಗಿಸಿ ಪುಡಿಯ ಮೇಲೆ ಒತ್ತಿದರೆ ಅದು ಸಣ್ಣಗೆ ನೊರೆಗಟ್ಟಿ ಕರಗುತ್ತದೆ. ನಂತರ ಒದ್ದೆ ಬಟ್ಟೆಯ ತುದಿಯಿಂದ ಒರೆಸಿ, ಪೂರ್ತಿ ಒಣಗಿಸಿ, ಸ್ಪ್ರಿಂಗಿನ ಮುಖವನ್ನು ನಯವಾದ ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಬೇಕು. ಸ್ಪ್ರಿಂಗ್ ಅಮುಕಿ ಹೋಗಿದ್ದರೆ ಮೆಲ್ಲಗೆ ಎಳೆದು ಸರಿಮಾಡಿ. ಒಳಗೆ ಒಂದು ತುದಿ ಯಾವುದಕ್ಕೂ ಸೇರದ ತಂತಿಯೋ ಸುರುಳಿಯೋ ಕಂಡರೆ, ಬಿಟ್ಟುಹೋದ ತಂತಿಯೆಂದು ಭಾವಿಸಿ ಕತ್ತರಿಸಬಾರದು, ಅದೇ ಆಂಟೆನಾ.

ಗುಂಡಿಯನ್ನು ಎಲ್ಲಿ ಕೂರಿಸುತ್ತೀರಿ ಎಂಬುದೂ ಸೆಲ್ಲಿನಷ್ಟೇ ಮುಖ್ಯ. ಡಬ್ಬಿಯ ಮೇಲೆ ಬರೆದ 100 ಮೀಟರು ಬಯಲಿನ ಲೆಕ್ಕ. ಕಾಂಕ್ರೀಟ್ ಕಂಬ, ಗ್ರಿಲ್ಲು, ಕಬ್ಬಿಣದ ಗೇಟುಗಳ ನಡುವೆ ಅದರಲ್ಲಿ ಬಹುಭಾಗ ಸೋರಿಹೋಗುತ್ತದೆ. ಗುಂಡಿಯನ್ನು ನೇರವಾಗಿ ಗೇಟಿನ ತಗಡಿಗೆ ಅಂಟಿಸಿದರೆ ಲೋಹವು ತರಂಗವನ್ನು ಕೆಡಿಸುವುದರಿಂದ, ನಡುವೆ ಎರಡು ಮೂರು ಸೆಂಟಿಮೀಟರು ದಪ್ಪದ ಮರದ ತುಂಡನ್ನಾದರೂ ಇಡಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ನೀರು ನೇರವಾಗಿ ಬಡಿಯದ, ಸಜ್ಜೆಯ ಕೆಳಗಿನ ಗೋಡೆಯೇ ಸರಿಯಾದ ಸ್ಥಳ. ಜೂನಿಗೆ ಮೊದಲೇ ಮುಚ್ಚಳದ ರಬ್ಬರ್ ಪಟ್ಟಿ ಸರಿಯಾಗಿ ಕೂತಿದೆಯೇ ಎಂದು ನೋಡಿಕೊಳ್ಳಿ. ತೇವ ಒಳಹೊಕ್ಕರೆ ಗುಂಡಿ ತಾನಾಗಿಯೇ ಒತ್ತಿಕೊಂಡಂತಾಗಿ ನಡುರಾತ್ರಿ ಗಂಟೆ ಬಾರಿಸಬಹುದು.

ನಡುರಾತ್ರಿಯ ಗಂಟೆಗೆ ಇನ್ನೊಂದು ಕಾರಣ ನೆರೆಮನೆ. ಒಂದೇ ಮಾದರಿಯ ಹಳೆಯ ಗಂಟೆಗಳು ಅಕ್ಕಪಕ್ಕ ಇದ್ದು ಸಂಕೇತವೂ ಒಂದೇ ಆಗಿದ್ದರೆ ಅವರ ಅತಿಥಿಗೆ ನೀವು ಬಾಗಿಲು ತೆರೆಯಬೇಕಾಗುತ್ತದೆ. ಅಂಥವುಗಳಲ್ಲಿ ಒಳಗಿರುವ ಸಣ್ಣ ಸ್ವಿಚ್ಚುಗಳನ್ನು ಗುಂಡಿ, ಪೆಟ್ಟಿಗೆ ಎರಡರಲ್ಲೂ ಒಂದೇ ರೀತಿ ಬದಲಿಸಬೇಕು. ಈಗಿನವುಗಳಲ್ಲಿ ಪೆಟ್ಟಿಗೆಯ ಬಟನನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ದೀಪ ಮಿನುಗಿದಾಗ ಹೊರಗಿನ ಗುಂಡಿಯನ್ನು ಒಮ್ಮೆ ಒತ್ತಿದರೆ ಜೋಡಣೆಯಾಗುತ್ತದೆ. ಸೆಲ್ ಬದಲಿಸಿದ ಮೇಲೆ ಗಂಟೆ ಮೌನವಾಗಿದ್ದರೆ ಇದನ್ನೊಮ್ಮೆ ಮಾಡಿ ನೋಡಬೇಕು.

ಕ್ಯಾಮೆರಾ ಇರುವ ಕರೆಗಂಟೆಯ ಲಿಥಿಯಂ ಬ್ಯಾಟರಿ ಬೇಗ ಇಳಿಯುತ್ತಿದ್ದರೆ ಅದು ರಸ್ತೆಯಲ್ಲಿ ಹೋಗುವವರನ್ನೆಲ್ಲ ಚಿತ್ರಿಸುತ್ತಿದೆಯೇ, ವೈಫೈ ಕ್ಷೀಣವಾಗಿದೆಯೇ ಎಂದು ಮೊದಲು ನೋಡಿ. ಪಡುವಣ ಬಿಸಿಲು ಬೀಳುವ ಬಾಗಿಲಾದರೆ ನೆರಳು ಮಾಡಿ.

ತೆಗೆದ ಸೆಲ್ಲುಗಳನ್ನು ಅಡುಗೆಮನೆಯ ಕಸಕ್ಕೆ ಸೇರಿಸುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅವನ್ನು ಬೇರೆಯಾಗಿಯೇ ಕೊಡಬೇಕು. ಅಲ್ಲಿಯವರೆಗೆ ಎರಡೂ ತುದಿಗೆ ಅಂಟುಪಟ್ಟಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ ಎತ್ತರದಲ್ಲಿಡಿ. ಲಿಥಿಯಂ ಬಿಲ್ಲೆಯ ವಿಷಯದಲ್ಲಂತೂ ಉದಾಸೀನ ಸಲ್ಲದು: ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿ ಎರಡೇ ಗಂಟೆಯಲ್ಲಿ ಗಾಯ ಮಾಡಬಲ್ಲದು, ಸತ್ತ ಸೆಲ್ಲಿಗೂ ಆ ಶಕ್ತಿ ಉಳಿದಿರುತ್ತದೆ. ನುಂಗಿರಬಹುದೆಂಬ ಅನುಮಾನ ಬಂದರೂ ವಾಂತಿ ಮಾಡಿಸದೆ, ಕಾಯದೆ, ನೇರವಾಗಿ ಆಸ್ಪತ್ರೆಗೆ ಕರೆದೊಯ್ದು ಬ್ಯಾಟರಿ ಎಂದು ಬಾಗಿಲಲ್ಲೇ ಹೇಳಬೇಕು.