ಲಾಭದ ಲೆಕ್ಕ ಮುಖಪುಟದಲ್ಲೇ ಇಟ್ಟೆ: ಗಾಣದ ಎಣ್ಣೆಯ ವೆಬ್‌ಸೈಟ್, ನನ್ನ ಅನುಭವ

ಮರದ ಗಾಣದ ಶೇಂಗಾ ಎಣ್ಣೆ ನಮ್ಮಲ್ಲಿ ಲೀಟರಿಗೆ 380 ರೂಪಾಯಿ. ಅಂಗಡಿಯ ರಿಫೈಂಡ್ ಎಣ್ಣೆಯ ಎರಡು ಪಟ್ಟಿಗೂ ಜಾಸ್ತಿ. ಇದನ್ನು ವೆಬ್‌ಸೈಟಿನಲ್ಲಿ ಮಾರಬೇಕಾದರೆ ಮುಖಪುಟ ತೆರೆದ ಕೂಡಲೇ ಖರ್ಚಿನ ಲೆಕ್ಕ ಕಾಣಬೇಕು, ನಮಗೆ ಉಳಿಯೋ ಲಾಭವೂ ಅದರಲ್ಲಿ ಇರಬೇಕು ಅಂತ ನಾನು ಹೇಳಿದಾಗ ಗಾಣ ಇಟ್ಟಿರೋ ಗೆಳೆಯರು ಒಬ್ಬರೂ ಒಪ್ಪಲಿಲ್ಲ. 'ಲಾಭ ತೋರಿಸಿದರೆ ಗಿರಾಕಿ ಚೌಕಾಸಿಗೆ ಕೂರ್ತಾನೆ ಕಣಪ್ಪ' ಅಂದರು. ಈಗ ಅದೇ ಪುಟದಿಂದ ತಿಂಗಳಿಗೆ ನೂರೈವತ್ತರ ಮೇಲೆ ಆರ್ಡರ್ ಹೋಗ್ತಿವೆ. ಆಗ ಬೇಡ ಅಂದವರಲ್ಲೇ ಕೆಲವರು ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳ್ತಿದ್ದಾರೆ, ಅದಕ್ಕೇ ಬರೆದಿಡ್ತಿದ್ದೇನೆ. ಸೈಟ್ ಕಟ್ಟೋಕೆ ವರ್ಡ್‌ಪ್ರೆಸ್, ಅದರಲ್ಲಿ ಅಂಗಡಿ ತೆರೆಯೋಕೆ ವೂಕಾಮರ್ಸ್ ಹಾಕೋದು, ಆನ್‌ಲೈನ್ ದುಡ್ಡು ಪಡೆಯೋಕೆ ಪೇಮೆಂಟ್ ಗೇಟ್‌ವೇ ಜೋಡಿಸೋದು ನಿಮಗೆ ಗೊತ್ತೇ ಇರುತ್ತೆ. ಅದನ್ನು ಬಿಡ್ತೀನಿ.

ಮೊದಲು ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಹೇಳಿಬಿಡ್ತೀನಿ. ಶುರುವಿನ ಸೈಟನ್ನು ಬೆಂಗಳೂರಿನ ಒಂದು ಕಂಪನಿಗೆ ಹತ್ತಿರ ಹತ್ತಿರ ನಲವತ್ತೈದು ಸಾವಿರ ಕೊಟ್ಟು ಮಾಡಿಸಿದೆ. ನೋಡೋಕೆ ಚೆನ್ನಾಗಿತ್ತು. ಮೇಲೆ ಐದು ಫೋಟೊ ಒಂದಾದ ಮೇಲೊಂದು ಸರಿಯೋ ಸ್ಲೈಡರ್, ಅದರ ಮೇಲೆ ಇಂಗ್ಲಿಷಿನಲ್ಲಿ ಸ್ವಾಗತ, ಕೆಳಗೆ 'ನಮ್ಮ ಧ್ಯೇಯ'. ಒಂದೊಂದು ಫೋಟೊ ಎರಡು ಮೂರು ಎಂಬಿ. ಚಳ್ಳಕೆರೆ ಬಿಟ್ಟು ಹಳ್ಳಿ ಕಡೆ ಹೋದರೆ ಪುಟ ತೆರೆಯೋಕೆ ಹತ್ತು ಸೆಕೆಂಡ್ ಆಗ್ತಿತ್ತು. ಆಮೇಲೆ ಫೇಸ್‌ಬುಕ್ ಜಾಹೀರಾತಿಗೆ ಎರಡು ತಿಂಗಳಲ್ಲಿ ಇಪ್ಪತ್ತು ಇಪ್ಪತ್ತೈದು ಸಾವಿರ ಹಾಕಿದೆ. ಜನ ಸಾವಿರಗಟ್ಟಲೆ ಬಂದರು, ಆರ್ಡರ್ ಹತ್ತು ಹನ್ನೆರಡು. ದೀಪಾವಳಿಗೆ ಶೇ. 20 ರಿಯಾಯಿತಿ ಅಂತ ದೊಡ್ಡದಾಗಿ ಹಾಕಿದಾಗ ಮಾತ್ರ ಗಾಣಕ್ಕೆ ಪುರುಸೊತ್ತಿರಲಿಲ್ಲ. ಆದರೆ ಒಂದೊಂದು ಬಾಟಲಿಗೂ ಕೈಯಿಂದಲೇ ದುಡ್ಡು ಹೋಯಿತು, ಅವರಲ್ಲಿ ಹೆಚ್ಚಿನವರು ಮುಂದಿನ ರಿಯಾಯಿತಿ ತನಕ ತಿರುಗಿ ನೋಡಲಿಲ್ಲ.

ದಾರಿ ಕಾಣಿಸಿದ್ದು ಎರಡು. ಒಂದು, ಮೈಕ್ರೋಸಾಫ್ಟ್ ಕ್ಲಾರಿಟಿ. ಪುಕ್ಕಟೆ ಸಿಗುತ್ತೆ, ಬಂದವರು ಎಲ್ಲಿ ಬೆರಳಾಡಿಸಿದರು, ಎಲ್ಲಿ ನಿಂತರು ಅನ್ನೋದು ರೆಕಾರ್ಡ್ ಆಗಿರುತ್ತೆ. ರಾತ್ರಿ ಊಟ ಆದಮೇಲೆ ಕೂತು ನೋಡ್ತಿದ್ದೆ. ಸ್ಲೈಡರಿನ ಎರಡನೇ ಫೋಟೊ ಬರೋವರೆಗೆ ಯಾರೂ ಕಾಯ್ತಿರಲಿಲ್ಲ. ಸೀದಾ ಕೆಳಗೆ ಹೋಗಿ, ಬೆಲೆ ನೋಡಿ, ಮತ್ತೆ ಮೇಲೆ ಬಂದು, ಏನೋ ಹುಡುಕಿ, ಹೋಗಿಬಿಡ್ತಿದ್ದರು. ಏನು ಹುಡುಕ್ತಿದ್ದರು ಅನ್ನೋದು ಇನ್ನೊಂದು ಕಡೆಯಿಂದ ಗೊತ್ತಾಯಿತು. ಫೋನಿನಲ್ಲಿ ಗಿರಾಕಿಗಳು ಕೇಳೋದನ್ನೆಲ್ಲ ಬಿಲ್ ಬುಕ್ಕಿನ ಹಿಂದೆ ಗುರುತು ಹಾಕ್ತಾ ಬಂದೆ. ಎಲ್ಲಕ್ಕಿಂತ ಹೆಚ್ಚು ಗೀಟು ಬಿದ್ದದ್ದು 'ಇಷ್ಟು ರೇಟ್ ಯಾಕೆ?' ಅನ್ನೋದರ ಮುಂದೆ. ಆಮೇಲೆ 'ಲೀಟರ್ ಲೆಕ್ಕಾನಾ, ಕೆಜಿ ಲೆಕ್ಕಾನಾ?', 'ಕೊರಿಯರ್ ಚಾರ್ಜ್ ಬೇರೇನಾ?', 'ಬೋಂಡಾ ಕರಿದರೆ ನೊರೆ ಬರುತ್ತಂತಲ್ಲ?'. ಧ್ಯೇಯ ಏನು ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ.

ಹಾಗಾಗಿ ಸ್ಲೈಡರ್ ತೆಗೆದು ಹಾಕಿದೆ. ಅದರ ಜಾಗದಲ್ಲಿ ಒಂದೇ ಫೋಟೊ: ಅಂಗೈ ಮೇಲೆ ಆಗಷ್ಟೇ ಗಾಣದಿಂದ ತೆಗೆದ ಹಿಂಡಿ. ಅದರ ಪಕ್ಕದಲ್ಲೇ ಲೆಕ್ಕ. ಒಂದು ಲೀಟರ್ ಎಣ್ಣೆಗೆ ಬೀಜ ಎರಡೂವರೆ ಕೆಜಿ, ಕೆಜಿಗೆ 125ರಂತೆ ಸುಮಾರು 312 ರೂಪಾಯಿ. ಒಂದೂವರೆ ಕೆಜಿ ಹಿಂಡಿ ಬರುತ್ತೆ, ಹಸು ಕಟ್ಟಿದವರು ಒಯ್ತಾರೆ, ಅದರಿಂದ ವಾಪಸ್ ಬರೋದು 65. ಕೂಲಿ, ಕರೆಂಟು, ಬಾಟಲಿ, ಲೇಬಲ್ ಸೇರಿ 55. ಅಲ್ಲಿಗೆ 302. ಬೆಲೆಯೊಳಗೆ ಶೇ. 5 ಜಿಎಸ್‌ಟಿ ಅಂದರೆ 18 ರೂಪಾಯಿ. ಉಳಿದ 60 ರೂಪಾಯಿ ನಮ್ಮ ಲಾಭ. ಈ ಕೊನೇ ಸಾಲು ಬರೆಯೋವಾಗ ನನಗೂ ಕೈ ತಡೆದದ್ದು ನಿಜ. ಆದರೆ ಮೇಲಿನದನ್ನೆಲ್ಲ ಬರೆದು ಅದೊಂದನ್ನು ಬಿಟ್ಟರೆ ಓದೋನು ತಾನೇ ಅಂದಾಜು ಮಾಡಿ ನೂರಿರಬಹುದು, ನೂರೈವತ್ತಿರಬಹುದು ಅಂತ ಅಂದುಕೊಳ್ತಾನೆ. ಬಾಯಿ ಬಿಟ್ಟು ಹೇಳಿದರೆ ಅನುಮಾನಕ್ಕೆ ಜಾಗ ಇರಲ್ಲ. ಚೌಕಾಸಿ ಮಾಡಿದವರು ಇಷ್ಟು ದಿನದಲ್ಲಿ ಬೆರಳೆಣಿಕೆ. 'ಅರವತ್ತು ರೂಪಾಯಲ್ಲಿ ಹೇಗೆ ನಡೆಸ್ತೀರಿ?' ಅಂತ ಕೇಳಿದವರೇ ಜಾಸ್ತಿ.

ಲೆಕ್ಕದ ಕೆಳಗೆ ಒಂದೇ ಸಾಲು: 'ನಮ್ಮದು ಲೀಟರ್ ಅಳತೆ, ತೂಗಿದರೆ ಸುಮಾರು 910 ಗ್ರಾಂ ಬರುತ್ತದೆ.' ತೂಕ ಕಡಿಮೆ ಕೊಟ್ಟರು ಅಂತ ಬರ್ತಿದ್ದ ಜಗಳ ಅಲ್ಲಿಗೆ ನಿಂತಿತು. ನೊರೆ ಬರೋದನ್ನೂ ಮುಚ್ಚಿಡಲಿಲ್ಲ. ಗಾಣದ ಎಣ್ಣೆ ಕಾದಾಗ ನೊರೆ ಬರುತ್ತೆ, ತಳದಲ್ಲಿ ಸ್ವಲ್ಪ ಗಸಿ ನಿಲ್ಲುತ್ತೆ, ದೊಡ್ಡ ಬಾಣಲೆ ಇಡಿ ಅಂತ ಬರೆದೆ. ಹೃದಯಕ್ಕೆ ಒಳ್ಳೇದು, ಅದು ಗುಣವಾಗುತ್ತೆ, ಇದು ಗುಣವಾಗುತ್ತೆ ಅನ್ನೋ ಮಾತೆಲ್ಲ ಕಿತ್ತು ಹಾಕಿದೆ. ಅಂಥ ಮಾತು ಬರೆದರೆ ಆಹಾರ ಇಲಾಖೆಗೂ ಉತ್ತರ ಕೊಡಬೇಕಾಗುತ್ತೆ, ಮೇಲಾಗಿ ಓದೋರು ನಂಬೋದೂ ಇಲ್ಲ. ಆಹಾರ ಸುರಕ್ಷತೆ ನೋಡಿಕೊಳ್ಳೋ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರನ್ನು ಮಾತ್ರ ಅಡಿಯಿಂದ ಎತ್ತಿ ಬೆಲೆಯ ಪಕ್ಕಕ್ಕೆ ತಂದೆ.

ಕೊರಿಯರ್ ವಿಷಯಕ್ಕೆ ಬರೋಣ, ನಿಜವಾದ ನಷ್ಟ ಅಲ್ಲಿತ್ತು. ಕೊರಿಯರಿನವರು ತೂಕ ಒಂದನ್ನೇ ನೋಡಲ್ಲ. ಡಬ್ಬದ ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ, ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಒಂದು ಲೀಟರಿಗೆ ನಾವು ಬಳಸ್ತಿದ್ದ ಡಬ್ಬ 30, 20, 20. ಅಂದರೆ 2.4 ಕೆಜಿ ಲೆಕ್ಕ, ಒಳಗಿರೋದು ಒಂದು ಕೆಜಿ ಚಿಲ್ಲರೆ. ಒಂದೊಂದು ಲೀಟರಿನ ಆರ್ಡರ್ ಬಂದಷ್ಟೂ ಲಾಭ ಕೊರಿಯರಿಗೆ. ಬಾಟಲಿ ಅಳತೆಗೇ 32, 12, 12ರ ಡಬ್ಬ ಮಾಡಿಸಿದೆ, ಲೆಕ್ಕ 0.92ಕ್ಕೆ ಇಳಿದು ನಿಜವಾದ ತೂಕಕ್ಕಷ್ಟೇ ದುಡ್ಡು ಬೀಳೋಕೆ ಶುರುವಾಯಿತು. ಜತೆಗೆ ಮುಖಪುಟದ ದೊಡ್ಡ ಬಟನ್ನನ್ನು ಐದು ಲೀಟರ್ ಕ್ಯಾನಿಗೆ ಕೊಟ್ಟೆ: '5 ಲೀಟರ್, 2,100 ರೂ., ಮನೆ ಬಾಗಿಲಿಗೆ'. ಕೊರಿಯರ್, ಗೇಟ್‌ವೇಯವರ ಶೇ. 2, ತೆರಿಗೆ ಎಲ್ಲ ಕಳೆದು ಇನ್ನೂರೈವತ್ತರ ಆಸುಪಾಸು ಉಳಿಯುತ್ತೆ. ಕೊನೇ ಪುಟಕ್ಕೆ ಹೋದಾಗ ಕೊರಿಯರ್ ಚಾರ್ಜ್ ದಿಢೀರ್ ಕಂಡು ಓಡಿಹೋಗ್ತಿದ್ದವರು ಅರ್ಧಕ್ಕರ್ಧ ಕಮ್ಮಿಯಾದರು. ಕ್ಯಾಶ್ ಆನ್ ಡೆಲಿವರಿ ಪೂರ್ತಿ ನಿಲ್ಲಿಸಿದೆ. ಐದರಲ್ಲಿ ಒಂದು ವಾಪಸ್ ಬರ್ತಿತ್ತು, ಹೋಗಿ ಬರೋ ಎರಡೂ ಬಾಡಿಗೆ ನಮ್ಮ ತಲೆಗೆ. ಕ್ಯಾನ್ ಸೋರದ ಹಾಗೆ ಮುಚ್ಚಳ ಕಟ್ಟೋ ಕ್ರಮ ಒಂದಿದೆ, ಅದನ್ನು ಕಂಡುಕೊಳ್ಳೋಕೆ ಬಹಳ ಎಣ್ಣೆ ಚೆಲ್ಲಿದ್ದೇನೆ. ಅದು ಇಲ್ಲಿ ಬೇಡ.

ಕನ್ನಡ ಪುಟದ್ದೇ ಒಂದು ಕಥೆ. ಬೆಂಗಳೂರಿನವರು ಇಂಗ್ಲಿಷ್ ಇದ್ದರೇ ಕೊಳ್ಳೋದು ಅಂತ ಕಂಪನಿಯವರ ವಾದ. ನಾನು ಕನ್ನಡವನ್ನೇ ಮುಂದೆ ಇಟ್ಟು ಇಂಗ್ಲಿಷನ್ನು ಮೂಲೆಗೆ ಹಾಕಿದೆ. ಆರ್ಡರ್ ಮುಕ್ಕಾಲು ಪಾಲು ಬೆಂಗಳೂರಿಂದಲೇ, ಜಯನಗರ, ರಾಜಾಜಿನಗರದ ಕಡೆಯಿಂದ ಬರ್ತಿದೆ. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತೆ, ಬೇರೆ ಫಾಂಟ್ ಇಳಿಸೋ ಭಾರ ಯಾಕೆ ಅಂತ ಅದನ್ನೂ ತೆಗೆದೆ. ಫೋಟೊಗಳನ್ನು ಕಮ್ಮಿ ಜಾಗ ಹಿಡಿಯೋ ವೆಬ್‌ಪಿ ನಮೂನೆಗೆ ಬದಲಾಯಿಸಿದೆ. ಪುಟ ಈಗ 500, 600 ಕೆಬಿ ಒಳಗಿದೆ, ಎರಡು ಸೆಕೆಂಡಿಗೆ ತೆರೆಯುತ್ತೆ. ಇನ್ನೊಂದು ಸಣ್ಣ ವಿಷಯ ಗಮನಿಸಿ: ಇಂಗ್ಲಿಷಿಗೆ ಮಾಡಿದ ಥೀಮ್‌ಗಳಲ್ಲಿ ಬಟನ್ನಿನ ಸಾಲಿನ ಎತ್ತರ ಕಮ್ಮಿ ಇರುತ್ತೆ, ಒತ್ತಕ್ಷರ ಅರ್ಧಕ್ಕೆ ಕತ್ತರಿಸಿ ಹೋಗುತ್ತೆ. ಒತ್ತು ತುಂಡಾದ ಬಟನ್ ಕಂಡರೆ ಸೈಟೇ ಮೋಸದ್ದು ಅನ್ನೋ ಭಾವನೆ ಬರುತ್ತೆ. ಸಾಲಿನ ಎತ್ತರವನ್ನು (line-height) 1.6ಕ್ಕೆ ಏರಿಸಿ.

ನಮ್ಮ ಕಡೆ ತೆಲುಗು ಮಾತಾಡೋರು ಬಹಳ, ಅನಂತಪುರವೂ ದೂರ ಇಲ್ಲ. ಹಾಗಾಗಿ ತೆಲುಗು ಮುಖಪುಟವನ್ನೂ ಮಾಡಿ ನೋಡಿದೆ. ಪುಟ ನೋಡ್ತಾರೆ, ಆರ್ಡರ್ ಮಾತ್ರ ಫೋನಿನಲ್ಲೇ. ಅಲ್ಲಿ ಬಟನ್ ತೆಗೆದು ನಂಬರನ್ನೇ ದೊಡ್ಡದು ಮಾಡಿದೆ, ಈಗ ಪರವಾಗಿಲ್ಲ. ಗಾಣ ತಿರುಗೋ ವಿಡಿಯೊ ಹಾಕಿದ್ದರಿಂದ ಮೆಚ್ಚುಗೆ ಬಂತು, ಮಾರಾಟ ಏನೂ ಏರಲಿಲ್ಲ. ಗಿರಾಕಿಗಳ ವಾಟ್ಸಾಪ್ ಮೆಸೇಜನ್ನು ಅವರ ಒಪ್ಪಿಗೆ ಪಡೆದು ಹಾಕಿದ್ದು ಮಾತ್ರ ಕೆಲಸ ಮಾಡಿತು, ಅದರಲ್ಲೂ ಕ್ಯಾನ್ ಸೋರಿದೆ ಅಂತ ಒಬ್ಬ ತಾಯಿ ಬೈದದ್ದು, ಕೆಳಗೆ ನಾವು ಬೇರೆ ಕ್ಯಾನ್ ಕಳಿಸಿದ ರಸೀದಿ. ಕ್ಲಾರಿಟಿಯಲ್ಲಿ ನೋಡಿದರೆ ಜನ ಹೆಚ್ಚು ಹೊತ್ತು ನಿಲ್ಲೋದು ಲೆಕ್ಕದ ಹತ್ತಿರ, ಅದು ಬಿಟ್ಟರೆ ಇಲ್ಲೇ.

ಮುಂಚೆ ನೂರೈವತ್ತು ಜನ ಬಂದರೆ ಒಬ್ಬರು ಕೊಳ್ತಿದ್ದರು. ಈಗ ನೂರಕ್ಕೆ ಮೂರು, ಒಳ್ಳೇ ವಾರದಲ್ಲಿ ನಾಲ್ಕು. ಜಾಹೀರಾತಿಗೆ ತಿಂಗಳಿಗೆ ಮೂರು ನಾಲ್ಕು ಸಾವಿರದ ಮೇಲೆ ಹಾಕ್ತಿಲ್ಲ. ಹೊಸಬರು ವಾಟ್ಸಾಪಿಗೆ ಬಂದಾಗ ನಾವು ಕಳಿಸೋ ಮೊದಲ ಮೆಸೇಜ್ ಇದರಲ್ಲಿ ದೊಡ್ಡ ಪಾತ್ರ ವಹಿಸಿದೆ, ಅದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಕೊಳ್ತೀನಿ.

ಈ ಕ್ರಮದಲ್ಲಿ ಒಂದು ಶಿಸ್ತು ಬೇಕು. ಬೀಜದ ದರ ಬದಲಾದಾಗ ಲೆಕ್ಕವೂ ಅವತ್ತೇ ಬದಲಾಗಬೇಕು, ಇಳಿದಾಗಲೂ. ಮಾರುಕಟ್ಟೆ ದರ ನೋಡಿ ಸೋಮವಾರ ಬೆಳಿಗ್ಗೆ ಅಂಕಿ ತಿದ್ದೋ ಕೆಲಸ ಮಗಳದ್ದು. ಹೋದ ಸಲ ಬೀಜ ಏರಿ ಲೀಟರಿಗೆ ಮೂವತ್ತು ಹೆಚ್ಚಿಸಬೇಕಾಯಿತು. ಹಳೇ ಲೆಕ್ಕ, ಹೊಸ ಲೆಕ್ಕ ಎರಡನ್ನೂ ಅಕ್ಕಪಕ್ಕ ಹಾಕಿದೆವು, ಲಾಭದ ಸಾಲಿನಲ್ಲಿ ಅದೇ ಅರವತ್ತು. ಆ ತಿಂಗಳೂ ಆರ್ಡರ್ ಇಳಿಯಲಿಲ್ಲ. ಕುಸುಬೆ ಎಣ್ಣೆಗೂ ಇದೇ ಥರ ಪುಟ ಮಾಡಿದ್ದೇನೆ, ಅಲ್ಲಿ ಇನ್ನೂ ಹಿಡಿತ ಸಿಕ್ಕಿಲ್ಲ. ಕುಸುಬೆ ಗಿರಾಕಿಗಳು ಕೇಳೋ ಪ್ರಶ್ನೆಗಳೇ ಬೇರೆ ಇರಬೇಕು, ಬಿಲ್ ಬುಕ್ಕಿನ ಹಿಂದೆ ಈಗ ಅವನ್ನು ಗುರುತು ಹಾಕ್ತಿದ್ದೇನೆ.