ಮಗುವಿಗೆ ಗಣಿತದ ಗೇಮ್ ಕೊಡುವ ಮುಂಚೆ ನೀವೇ ಆಡಿ, ಬೇಕಂತಲೇ ತಪ್ಪು ಮಾಡಿ

ನನ್ನ ಮಗಳು ಒಂದು ಗಣಿತದ ಗೇಮನ್ನು ಎರಡು ತಿಂಗಳು ಬಿಡದೆ ಆಡಿದಳು. ಒಂದು ಲೆಕ್ಕ ಸರಿಯಾದರೆ ನಾಣ್ಯ, ನಾಣ್ಯ ಕೂಡಿಟ್ಟರೆ ಅದರೊಳಗಿನ ನಾಯಿಮರಿಗೆ ಟೋಪಿ, ಕನ್ನಡಕ, ರೆಕ್ಕೆ. ರಾಶಿ ಲೆವೆಲ್ ಮುಗಿಸಿದ್ದಳು, ನನಗೂ ಖುಷಿಯಾಗಿತ್ತು. ಒಂದು ದಿನ ಸುಮ್ನೆ 7×8 ಎಷ್ಟು ಅಂತ ಕೇಳಿದೆ. ಗೊತ್ತಿಲ್ಲ ಅಂದಳು. ಪಕ್ಕದಲ್ಲಿ ಕೂತು ಅವಳು ಆಡುವುದನ್ನು ನೋಡಿದ ಮೇಲೆ ಅರ್ಥವಾಯಿತು: ಪ್ರತಿ ಲೆಕ್ಕಕ್ಕೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ತಪ್ಪು ಒತ್ತಿದರೆ ಏನೂ ಆಗುವುದಿಲ್ಲ, ಅವಳು ಸಾಲಾಗಿ ಒಂದೊಂದನ್ನೇ ಒತ್ತುತ್ತಾ ಮುಂದೆ ಹೋಗುತ್ತಿದ್ದಳು. ಅವಳದ್ದೇನೂ ತಪ್ಪಿಲ್ಲ. ಆ ಗೇಮ್ ಅವಳಿಗೆ ಕಲಿಸಿದ್ದೇ ಅದನ್ನು.

ಆದ್ದರಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇಷ್ಟು. ಮಗುವಿನ ಕೈಗೆ ಕೊಡುವ ಮುಂಚೆ ಹತ್ತು ನಿಮಿಷ ನೀವೇ ಆಡಿ. ಬೇಕಂತಲೇ ತಪ್ಪು ಉತ್ತರ ಕೊಡುತ್ತಾ ಹೋಗಿ. ಕಣ್ಣು ಮುಚ್ಚಿ ಒತ್ತಿದರೂ ಲೆವೆಲ್ ದಾಟಿದರೆ ಆ ಗೇಮ್ ಬೇಡ. ಬರೀ ಕೆಂಪು ಗುರುತು ತೋರಿಸಿ ಮುಂದಿನ ಪ್ರಶ್ನೆಗೆ ಓಡಿದರೂ ಬೇಡ. ಒಳ್ಳೆಯ ಗೇಮಿನಲ್ಲಿ ತಪ್ಪು ಉತ್ತರ ಕೊಟ್ಟಾಗ ಏನಾದರೂ ಕಾಣುತ್ತದೆ. ಸೇತುವೆ ಗಿಡ್ಡವಾಗುತ್ತದೆ, ತಕ್ಕಡಿ ವಾಲುತ್ತದೆ, ಒಂದು ತುಂಡು ಹೊಂದದೆ ಉಳಿಯುತ್ತದೆ. ಎಷ್ಟು ತಪ್ಪಾಯಿತು, ಜಾಸ್ತಿಯಾಯಿತೋ ಕಡಿಮೆಯಾಯಿತೋ ಅನ್ನುವುದನ್ನು ಮಗು ತಾನೇ ನೋಡಿ ತಿದ್ದಿಕೊಳ್ಳಬಹುದು.

ಆಡುವಾಗ ಇನ್ನೊಂದನ್ನು ಗಮನಿಸಿ, ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಲೆಕ್ಕ ಆಟದ ಒಳಗಿದೆಯೋ, ಆಟಕ್ಕೆ ಅಡ್ಡ ನಿಂತಿದೆಯೋ? ಜೋರಾಗಿ ಕಾರ್ ಓಡಿಸುತ್ತಿರುವಾಗ ನಿಲ್ಲಿಸಿ 6+7 ಎಷ್ಟು ಅಂತ ಕೇಳಿ, ಹೇಳಿದ ಮೇಲೆ ಮತ್ತೆ ಓಡಿಸಲು ಬಿಡುವ ಗೇಮ್‌ಗಳು ಬೇಕಾದಷ್ಟಿವೆ. ಅಲ್ಲಿ ಲೆಕ್ಕ ಒಂದು ಕಾಟ, ಬೇಗ ಮುಗಿದರೆ ಸಾಕು ಅಂತಲೇ ಮಗುವಿಗೆ ಅನ್ನಿಸುತ್ತದೆ, ಅಲ್ವಾ? ಜೇಕಬ್ ಹ್ಯಾಬ್‌ಗುಡ್ ಮತ್ತು ಶಾರನ್ ಐನ್ಸ್‌ವರ್ತ್ ಅನ್ನುವ ಬ್ರಿಟನ್ನಿನ ಸಂಶೋಧಕರು ಇದನ್ನೇ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಝಾಂಬಿ ಡಿವಿಷನ್ ಅಂತ ಅವರ ಗೇಮ್. ಎದೆಯ ಮೇಲೆ ಸಂಖ್ಯೆ ಇರುವ ಅಸ್ಥಿಪಂಜರಗಳು ಎದುರಾಗುತ್ತವೆ, ಒಂದೊಂದು ಏಟಿಗೂ ಒಂದೊಂದು ಸಂಖ್ಯೆ, ಎದೆಯ ಸಂಖ್ಯೆಯನ್ನು ಶೇಷ ಉಳಿಯದಂತೆ ಭಾಗಿಸುವ ಏಟನ್ನೇ ಆರಿಸಿ ಹೊಡೆಯಬೇಕು. ಅದೇ ಗೇಮಿನ ಇನ್ನೊಂದು ರೂಪದಲ್ಲಿ ಹೊಡೆದಾಟದಲ್ಲಿ ಲೆಕ್ಕವೇ ಇಲ್ಲ, ಭಾಗಾಕಾರ ಬರುವುದು ಲೆವೆಲ್ ಮುಗಿದ ಮೇಲೆ, ಕ್ವಿಜ್ ಆಗಿ. ಲೆಕ್ಕ ಒಳಗೇ ಇದ್ದ ಗೇಮ್ ಆಡಿದ ಮಕ್ಕಳು ಜಾಸ್ತಿ ಕಲಿತರು. ಎರಡರಲ್ಲಿ ಇಷ್ಟ ಬಂದದ್ದನ್ನು ಆಡಿ ಅಂತ ಬಿಟ್ಟಾಗಲೂ ಅದಕ್ಕೇ ಏಳು ಪಟ್ಟು ಹೆಚ್ಚು ಹೊತ್ತು ಕೊಟ್ಟರು. ನೀವು ಮನೆಯಲ್ಲೇ ಹೀಗೆ ಪರೀಕ್ಷಿಸಬಹುದು: ಈ ಗೇಮಿನಿಂದ ಲೆಕ್ಕವನ್ನು ಕಿತ್ತು ಹಾಕಿದರೆ ಆಟ ಹಾಗೇ ನಡೆಯುತ್ತದಾ ಅಂತ ಕೇಳಿಕೊಳ್ಳಿ. ನಡೆಯುತ್ತದೆ ಅಂದರೆ ಅದು ಗಣಿತದ ಗೇಮ್ ಅಲ್ಲ.

ಮಗು ಎಲ್ಲಿ ಸಿಕ್ಕಿಕೊಂಡಿದೆ ಅಂತ ಗೊತ್ತಿಲ್ಲದೆ ಗೇಮ್ ಹುಡುಕಿದರೆ ಪ್ರಯೋಜನವಿಲ್ಲ. ಐದು ನಿಮಿಷ ಮಾತಾಡಿದರೆ ತಿಳಿಯುತ್ತದೆ. 8+5 ಕೇಳಿ, ಉತ್ತರ ಬಂದ ಮೇಲೆ ಹೇಗೆ ಮಾಡಿದೆ ಅಂತಲೂ ಕೇಳಿ. ಒಂದರಿಂದ ಬೆರಳು ಮಡಚಿ ಎಣಿಸುತ್ತದೋ, ಎಂಟರಿಂದ ಮುಂದಕ್ಕೆ ಎಣಿಸುತ್ತದೋ, ಇಲ್ಲಾ ಎಂಟಕ್ಕೆ ಎರಡು ಸೇರಿಸಿ ಹತ್ತು ಮಾಡಿ ಉಳಿದ ಮೂರು ಕೂಡಿಸುತ್ತದೋ? ಮೂರೂ ಬೇರೆ ಬೇರೆ ಹಂತ. ಸ್ವಲ್ಪ ದೊಡ್ಡ ಮಗುವಾದರೆ ಮೂರನೇ ಒಂದು ಭಾಗ ದೊಡ್ಡದೋ ನಾಲ್ಕನೇ ಒಂದು ಭಾಗ ದೊಡ್ಡದೋ ಅಂತ ಕೇಳಿ. ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಅಂತ ಎಷ್ಟೋ ಮಕ್ಕಳು ಹೇಳುತ್ತಾರೆ. ಅಂಥ ಮಗುವಿಗೆ ಮಗ್ಗಿಯ ಗೇಮ್ ಕೊಟ್ಟು ಏನು ಮಾಡುವುದು?

ಈಗ ಗೇಮ್‌ಗಳ ವಿಷಯ. ತೀರಾ ಚಿಕ್ಕವರಿಗೆ, ಅಂದರೆ ಯಾವ ಗುಂಪು ದೊಡ್ಡದು, ಯಾವುದು ಚಿಕ್ಕದು ಅನ್ನುವುದರಲ್ಲೇ ತಡವರಿಸುವವರಿಗೆ ದಿ ನಂಬರ್ ರೇಸ್ ಇದೆ. ಮೆದುಳು ಸಂಖ್ಯೆಯನ್ನು ಹೇಗೆ ಗ್ರಹಿಸುತ್ತದೆ ಅಂತ ಅಧ್ಯಯನ ಮಾಡುವ ಸ್ಟಾನಿಸ್ಲಾಸ್ ಡೆಹಾನ್ ಮತ್ತು ಆನಾ ವಿಲ್ಸನ್ ಮಾಡಿದ್ದು, ಉಚಿತ. ಮಗ್ಗಿ, ಕೂಡುವುದು, ಕಳೆಯುವುದು ಗೊತ್ತಿದ್ದು ಬರೀ ಅಭ್ಯಾಸ ಬೇಕಾದವರಿಗೆ ಟಕ್ಸ್‌ಮ್ಯಾತ್. ಇದೂ ಉಚಿತ. ಮೇಲಿನಿಂದ ಲೆಕ್ಕ ಹೊತ್ತ ಧೂಮಕೇತುಗಳು ಬೀಳುತ್ತವೆ, ಉತ್ತರ ಟೈಪ್ ಮಾಡಿ ಒಡೆಯಬೇಕು. ನಾಲ್ಕರಲ್ಲಿ ಒಂದನ್ನು ಒತ್ತಿ ಪಾರಾಗುವ ದಾರಿ ಇಲ್ಲವಲ್ಲ, ಅದೇ ನನಗೆ ಇಷ್ಟ. ಆದರೆ ಇನ್ನೂ ಅರ್ಥವೇ ಆಗದ ಮಗುವಿಗೆ ಇದನ್ನು ಕೊಡಬೇಡಿ, ಹೆದರಿಕೆ ಜಾಸ್ತಿಯಾಗುತ್ತದೆ. ಭಿನ್ನರಾಶಿಗೆ ಸ್ಲೈಸ್ ಫ್ರ್ಯಾಕ್ಷನ್ಸ್ ಚೆನ್ನಾಗಿದೆ. ಮಂಜುಗಡ್ಡೆಯನ್ನು ಸರಿಯಾದ ಪಾಲಿಗೆ ಕತ್ತರಿಸಿದರೆ ಆನೆಯಂಥ ದೊಡ್ಡ ಪ್ರಾಣಿಗೆ ದಾರಿ ತೆರೆಯುತ್ತದೆ. ಓದುವುದು ಹೆಚ್ಚೇನೂ ಇಲ್ಲ, ಹಾಗಾಗಿ ಬೇರೆ ಭಾಷೆಯ ಸೂಚನೆ ಓದಲು ಬಾರದ ಮಗುವೂ ಆಡಬಹುದು. ಗುಂಪು ಮಾಡುವುದು, ತರ್ಕ ಇಷ್ಟಪಡುವವರಿಗೆ ಝೂಂಬಿನಿಸ್. 1996ರ ಗೇಮ್, 2015ರಲ್ಲಿ ಹೊಸದಾಗಿ ಬಂತು. ಕೂದಲು, ಕಣ್ಣು, ಮೂಗು, ಕಾಲು ಒಂದೊಂದರಲ್ಲೂ ಐದೈದು ಬಗೆ, ಒಟ್ಟು 625 ಜೋಡಣೆ. ಯಾಕೆ 625 ಅಂತ ಮಗುವಿನ ಜೊತೆ ಕೂತು ಲೆಕ್ಕ ಹಾಕಿ, ಅದೇ ಒಂದು ಪಾಠ.

ಬೀಜಗಣಿತಕ್ಕೆ 2012ರಲ್ಲಿ ಬಂದ ಡ್ರ್ಯಾಗನ್‌ಬಾಕ್ಸ್ ಆಲ್‌ಜಿಬ್ರಾ ಬಗ್ಗೆ ಸ್ವಲ್ಪ ಹೇಳಲೇಬೇಕು. ಪರದೆಯಲ್ಲಿ ಎರಡು ಭಾಗ, ಒಂದು ಕಡೆ ಪೆಟ್ಟಿಗೆ. ಪೆಟ್ಟಿಗೆಯನ್ನು ಒಂಟಿಯಾಗಿ ಬಿಡಬೇಕು, ಅಷ್ಟೇ ಆಟ. ಒಂದು ಕಡೆ ಕಾರ್ಡ್ ಹಾಕಿದರೆ ಇನ್ನೊಂದು ಕಡೆಯೂ ಅದೇ ಕಾರ್ಡ್ ಹಾಕಲೇಬೇಕು. ಮೊದಲು ಬರೀ ಚಿತ್ರಗಳು, ಆಮೇಲೆ ನಿಧಾನಕ್ಕೆ ಚಿತ್ರ ಹೋಗಿ ಅಕ್ಷರ, ಸಂಖ್ಯೆ ಬರುತ್ತವೆ, ಪೆಟ್ಟಿಗೆ ಎಕ್ಸ್ ಆಗುತ್ತದೆ. ಸಮೀಕರಣ ಬಿಡಿಸುತ್ತಿದ್ದೇನೆ ಅಂತ ಗೊತ್ತಾಗುವ ಮುಂಚೆಯೇ ಮಗು ಅದನ್ನು ಬಿಡಿಸುತ್ತಿರುತ್ತದೆ. ತುಂಬಾ ಚೆಂದದ ಯೋಚನೆ. ಆದರೆ ಪರದೆಯ ಮೇಲೆ ಬಂದದ್ದು ಕಾಗದದ ಮೇಲೆ ತಾನಾಗಿಯೇ ಬರುವುದಿಲ್ಲ. ಒಂದು ಲೆವೆಲ್ ಮುಗಿದ ಮೇಲೆ ಅದೇ ಲೆಕ್ಕವನ್ನು ಪೆನ್ಸಿಲ್ ಹಿಡಿದು ಬರೆಸಿ, ಎರಡೂ ಕಡೆ ಕಾರ್ಡ್ ಹಾಕಿದ್ದು ಇಲ್ಲಿ ಎಲ್ಲಿದೆ ಅಂತ ಕೇಳಿ. ಈ ಒಂದು ಕೆಲಸ ಬಿಟ್ಟರೆ ಗೇಮಿನ ಅರ್ಧ ಫಲ ಹೋದಂತೆ.

ಪರದೆಯೇ ಬೇಕು ಅಂತಲೂ ಇಲ್ಲ. ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದದ್ದು ಒಂದೇ ಸಾಲಿನ 10 ಚೌಕ, 1 ಅಥವಾ 2 ಬರುವ ಒಂದು ತಿರುಗುಮುಳ್ಳು. ಎರಡು ವಾರದಲ್ಲಿ ನಾಲ್ಕು ಸಲ, ಸಲಕ್ಕೆ ಸುಮಾರು 15 ನಿಮಿಷ ಆಡಿದ ಚಿಕ್ಕ ಮಕ್ಕಳಿಗೆ ಸಂಖ್ಯೆಗಳ ಅಂದಾಜು ಚೆನ್ನಾಗಿ ಬಂತು. ಚೌಕದಲ್ಲಿ ಸಂಖ್ಯೆಯ ಬದಲು ಬರೀ ಬಣ್ಣ ಇಟ್ಟು ಆಡಿಸಿದವರಿಗೆ ಬರಲಿಲ್ಲ. ಆಡಿಸುವಾಗ ಒಂದು ಮಾತ್ರ ಮರೆಯಬೇಡಿ: ಕಾಯಿ ಐದರಲ್ಲಿದ್ದು ಎರಡು ಬಿದ್ದರೆ ಮಗು ಒಂದು, ಎರಡು ಅನ್ನಬಾರದು, ಆರು, ಏಳು ಅನ್ನಬೇಕು.

ಸಮಯದ ಮುಳ್ಳು ಓಡುವ ಗೇಮ್‌ಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಮೊದಲು ಆಫ್ ಮಾಡಿ. ಜಾಹೀರಾತು ಇರುವ ಗೇಮ್ ಚಿಕ್ಕವರಿಗೆ ಬೇಡವೇ ಬೇಡ. ದಿನಕ್ಕೆ 15-20 ನಿಮಿಷ ಸಾಕು, ಅದರಲ್ಲಿ ಮೊದಲ ಐದು ನಿಮಿಷವಾದರೂ ಪಕ್ಕದಲ್ಲಿ ಕೂತಿರಿ. ಉತ್ತರ ಹೇಳಿಕೊಡಬೇಡಿ, ಕೈ ಹಾಕಬೇಡಿ. ಇದು ಯಾಕೆ ಹೀಗಾಯಿತು, ಒತ್ತುವ ಮುಂಚೆ ಏನಾಗಬಹುದು ಹೇಳು ನೋಡೋಣ, ಇಷ್ಟು ಕೇಳಿದರೆ ಸಾಕು. ಮಗು ಯೋಚಿಸದೆ ಸರಸರನೆ ಒತ್ತುತ್ತಿದ್ದರೆ ಒಂದೋ ತುಂಬಾ ಸುಲಭವಾಗಿದೆ, ಇಲ್ಲಾ ತುಂಬಾ ಕಷ್ಟವಾಗಿದೆ. ಲೆವೆಲ್ ಬದಲಿಸಿ.

ಎಂಟು ವರ್ಷ ದಾಟಿದವರ ಕೈಲಿ ಗೇಮ್ ಮಾಡಿಸಿ ನೋಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ತಂದ ಸ್ಕ್ರ್ಯಾಚ್ ಅನ್ನುವ, ಮಕ್ಕಳೇ ಗೇಮ್ ಮಾಡಬಹುದಾದ ತಂತ್ರಾಂಶ ಉಚಿತ, ಪರದೆಯ ಮೇಲೆ ಆಜ್ಞೆಗಳ ಬ್ಲಾಕ್ ಜೋಡಿಸಿದರೆ ಸಾಕು, ಕೋಡ್ ಬರೆಯಬೇಕಿಲ್ಲ. ಪ್ರಶ್ನೆ ಕೇಳುವ ಬ್ಲಾಕ್ ಒಂದು, ಉತ್ತರ ಹೋಲಿಸುವ ಬ್ಲಾಕ್ ಒಂದು, ಶುರುವಿಗೆ ಇಷ್ಟೇ. ನನ್ನ ಮಗಳು ಮಾಡಿದ ಮಗ್ಗಿಯ ಗೇಮಿನಲ್ಲಿ ತಪ್ಪು ಉತ್ತರ ಕೊಟ್ಟರೆ ಏನಾಗಬೇಕು ಅಂತ ಇಬ್ಬರೂ ತುಂಬಾ ಹೊತ್ತು ಚರ್ಚೆ ಮಾಡಿದೆವು. ಕೊನೆಗೆ ಅವಳೇ ತೀರ್ಮಾನ ಮಾಡಿದಳು: 7×8ಕ್ಕೆ ತಪ್ಪು ಹೇಳಿದರೆ ಏಳು ಸಾಲು, ಸಾಲಿಗೆ ಎಂಟು ಚುಕ್ಕಿ ಬರಬೇಕು, ಎಣಿಸಿಕೊಂಡು ಮತ್ತೆ ಟೈಪ್ ಮಾಡಬೇಕು.