ದೆವ್ವಕ್ಕೆ ಏನು ಬೇಕಿತ್ತು?

ಏಳರಿಂದ ಹತ್ತು ವರ್ಷದ ಮಕ್ಕಳಿಗಾಗಿ ಒಂದು ಕಥಾಸಂಕಲನ ಮಾಡಿದೆ. ಹತ್ತು ಕಥೆಗಳು, ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಭಯ. ಮಳೆಗಾಲದಲ್ಲಿ ಶುರುವಾಗಿ ಚಳಿಗಾಲದ ಕೊನೆಗೆ ಮುಗಿಯುತ್ತವೆ. ಎರಡು ವರ್ಷ ಹಿಡಿಯಿತು. ಬರೆಯುವುದಕ್ಕಿಂತ ಜಾಸ್ತಿ ಸಮಯ ಹೋಗಿದ್ದು, ಮಕ್ಕಳನ್ನು ಎಷ್ಟು ಹೆದರಿಸಬಹುದು ಅನ್ನುವುದನ್ನು ಕಲಿಯುವುದಕ್ಕೆ.

ಮೊದಲ ಕಥೆಯನ್ನು ಪರಿಚಯದ ಐದಾರು ಮಕ್ಕಳಿಗೆ ಓದಿ ಹೇಳಿದ್ದೆ. ಮಳೆಯ ರಾತ್ರಿ, ಮನೆಯಲ್ಲಿ ಹುಡುಗಿ ಒಬ್ಬಳೇ, ಬಾಗಿಲು ತಟ್ಟುವ ಸದ್ದು. ತೆರೆದರೆ ಯಾರೂ ಇಲ್ಲ. ಕೊನೆಗೆ ಅದೇ ಸದ್ದು ಮನೆಯೊಳಗಿಂದ ಕೇಳುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಗೆದ್ದೆ ಅಂದುಕೊಂಡೆ. ಮರುದಿನ ಬೆಳಿಗ್ಗೆ ಒಬ್ಬ ಹುಡುಗನ ಅಮ್ಮ ಫೋನ್ ಮಾಡಿದರು. "ರಾತ್ರಿ ಪೂರ್ತಿ ಲೈಟ್ ಆರಿಸೋಕೆ ಬಿಟ್ಟಿಲ್ಲ. ಬಾತ್‌ರೂಮಿಗೂ ಒಬ್ಬನೇ ಹೋಗ್ತಿಲ್ಲ" ಅಂದರು. ಅವರು ಬೈಯಲಿಲ್ಲ. ಆದರೆ ನನಗೆ ಇಡೀ ದಿನ ಸಮಾಧಾನ ಇರಲಿಲ್ಲ.

ಕಥೆಯನ್ನು ತಿದ್ದಿದೆ. ಸದ್ದು ಮಾಡಿದ್ದು ಒಂದು ಬೆಕ್ಕು ಅಂತ ಬರೆದು, ಅದೇ ಮಕ್ಕಳಿಗೆ ಹಗಲು ಹೊತ್ತಿನಲ್ಲಿ ಓದಿದೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು "ಬರೀ ಬೆಕ್ಕಾ?" ಅಂದಳು. ಮುಖ ಸಪ್ಪಗಾಗಿತ್ತು. ಅವಳು ಹೇಳಿದ್ದು ಸರಿ. ದೆವ್ವ ಬರುತ್ತೆ ಅಂತ ಆಸೆ ಹುಟ್ಟಿಸಿ ಬೆಕ್ಕನ್ನು ಕಳಿಸಿದರೆ ಅದು ಮೋಸವೇ ಅಲ್ವಾ?

ದಾರಿ ತೋರಿಸಿದ್ದು ನಿದ್ದೆಗೆಟ್ಟ ಆ ಹುಡುಗನೇ. ಯಾವುದಕ್ಕೆ ಅಷ್ಟು ಹೆದರಿದೆ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "ಅದು ಯಾಕೆ ಬಾಗಿಲು ತಟ್ತಾ ಇತ್ತು ಅಂತ ನೀವು ಹೇಳಲೇ ಇಲ್ಲ ಅಕ್ಕ" ಅಂದ.

ಇದೇ ಪ್ರಶ್ನೆ ಇಟ್ಟುಕೊಂಡು ಹಳೆಯ ದೆವ್ವದ ಕಥೆಗಳನ್ನು ಮತ್ತೆ ಓದಿದೆ. ಚಾರ್ಲ್ಸ್ ಡಿಕನ್ಸ್ 1843ರ ಡಿಸೆಂಬರಿನಲ್ಲಿ ಪ್ರಕಟಿಸಿದ ಕ್ರಿಸ್‌ಮಸ್ ಕಥೆಯಲ್ಲಿ ಜಿಪುಣ ವ್ಯಾಪಾರಿಯೊಬ್ಬನ ಮನೆಗೆ ಮೊದಲು ಸರಪಳಿ ಎಳೆಯುತ್ತಾ ಅವನ ಸತ್ತ ಪಾಲುದಾರ ಬರುತ್ತಾನೆ. ಯಾರು ಬರಲಿದ್ದಾರೆ, ಯಾಕೆ ಬರಲಿದ್ದಾರೆ ಅಂತ ಅವನೇ ಹೇಳಿ ಹೋಗುತ್ತಾನೆ. ಆಮೇಲೆ ಮೂರು ಭೂತಗಳು. ಮೂರನೆಯದು ಕಪ್ಪು ಮುಸುಕು ಹಾಕಿದೆ, ಒಂದು ಮಾತೂ ಆಡುವುದಿಲ್ಲ. ಎಲ್ಲಕ್ಕಿಂತ ಜಾಸ್ತಿ ಭಯ ಅದರದ್ದೇ. ಆದರೂ ಓದುವವರು ತಡೆದುಕೊಳ್ಳುತ್ತಾರೆ, ಯಾಕೆಂದರೆ ಅದು ಯಾವ ಕೆಲಸಕ್ಕೆ ಬಂದಿದೆ ಅಂತ ಅಷ್ಟು ಹೊತ್ತಿಗೆ ಗೊತ್ತಿರುತ್ತದೆ.

ನನ್ನ ಬಾಗಿಲು ತಟ್ಟುವ ದೆವ್ವಕ್ಕೆ ಏನು ಬೇಕು? ವಾರಗಟ್ಟಲೆ ಯೋಚಿಸಿದೆ. ಕಳೆದ ಮಳೆಗಾಲದಲ್ಲಿ ತೇಲಿಬಿಟ್ಟ ಕಾಗದದ ದೋಣಿ ಬೇಕು. ಎಲ್ಲಿಗೆ ಹೋಯಿತೋ ಅಂತ ಮನೆ ಮನೆ ಕೇಳುತ್ತಾ ಬಂದಿದೆ. ಹುಡುಗಿ ನೋಟ್‌ಬುಕ್ಕಿನ ಹಾಳೆ ಹರಿದು ಹೊಸ ದೋಣಿ ಮಾಡಿ ಹೊಸ್ತಿಲ ಮೇಲೆ ಇಡುತ್ತಾಳೆ. ಬೆಳಿಗ್ಗೆ ದೋಣಿ ಇರುವುದಿಲ್ಲ. ದೆವ್ವ ದೆವ್ವವಾಗಿಯೇ ಉಳಿಯಿತು, ಮಗುವಿಗೆ ನಿದ್ದೆಯೂ ಬಂತು.

ಆ ಕಥೆಯ ಒಂದು ವಾಕ್ಯ ಹೇಗೆ ಬದಲಾಯಿತು ಅಂತ ಹೇಳುತ್ತೇನೆ. ಮೊದಲು "ಬಾಗಿಲಾಚೆ ಯಾರೋ ನಿಂತ ಹಾಗಿತ್ತು" ಅಂತ ಬರೆದಿದ್ದೆ. ಆ 'ಯಾರೋ' ಎಷ್ಟು ದೊಡ್ಡದು? ಮಗುವಿನ ತಲೆಯಲ್ಲಿ ಅದು ಸೂರು ಮುಟ್ಟುವಷ್ಟು ಬೆಳೆದುಬಿಡುತ್ತದೆ. ಈಗ ಹೀಗಿದೆ: "ಹೊಸ್ತಿಲ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಅವಳ ಪಾದಕ್ಕಿಂತ ಚಿಕ್ಕವು." ಇದರಲ್ಲಿ ಮೊದಲ ವಾಕ್ಯಕ್ಕೆ ಮೈ ಜುಮ್ಮೆನ್ನುತ್ತದೆ. ಎರಡನೆಯದಕ್ಕೆ ಮಕ್ಕಳು ಸ್ವಲ್ಪ ಮುಂದೆ ಬಗ್ಗಿ ಕೂರುತ್ತಾರೆ. ಓದುವಾಗ ಪ್ರತಿ ಸಲ ನೋಡಿದ್ದೇನೆ.

ಋತುಗಳನ್ನು ಸುಮ್ನೆ ಅಲಂಕಾರಕ್ಕೆ ಇಟ್ಟುಕೊಂಡಿಲ್ಲ. ಮಳೆಯಲ್ಲಿ ಸದ್ದು ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ಮಂಜಿನಲ್ಲಿ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ಚಳಿಗಾಲದಲ್ಲಿ ಆಟ ಮುಗಿಯುವ ಮೊದಲೇ ಕತ್ತಲು. ಭಯ ಅಲ್ಲೇ ಇರುತ್ತದೆ, ನಾವು ಎತ್ತಿಕೊಂಡರೆ ಸಾಕು. ಆದರೆ ಋತು ನಿಜವಾಗಿರಬೇಕು. ಚಳಿಗಾಲದ ಕಥೆಯಲ್ಲಿ ಕಪ್ಪೆ ವಟಗುಟ್ಟಿಸಿದ್ದೆ. "ಚಳೀಲಿ ಕಪ್ಪೆ ಕೂಗುತ್ತಾ?" ಅಂತ ಒಬ್ಬ ಕೇಳಿದ. ಆಮೇಲೆ ಆ ಕಥೆಯ ದೆವ್ವವನ್ನೂ ಯಾರೂ ನಂಬಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಭಯದ ಕಥೆಯನ್ನು ಕೊನೆಗೆ ಇಟ್ಟಿದ್ದೆ, ಡಿಸೆಂಬರ್ 21ರ ಸುಮಾರಿನ ಉದ್ದದ ರಾತ್ರಿಗೆ. ಅದು ತಪ್ಪು. ಪುಸ್ತಕ ಮುಚ್ಚಿದ ಮೇಲೆ ಮಗುವಿನ ಜೊತೆ ಹಾಸಿಗೆಗೆ ಹೋಗುವುದು ಕೊನೆಯ ಕಥೆ. ಈಗ ಅದು ಏಳನೆಯದು. ಅದರ ನಂತರದ ಮೂರರಲ್ಲಿ ರಾತ್ರಿ ಸ್ವಲ್ಪ ಸ್ವಲ್ಪ ಗಿಡ್ಡವಾಗುತ್ತಾ ಬರುತ್ತದೆ. ಅಚ್ಚಿಗೆ 16 ಪುಟಕ್ಕೆ ಒಂದು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ ಪುಟಗಳು) ಲೆಕ್ಕದಲ್ಲಿ 96 ಪುಟಕ್ಕೆ ನಿಲ್ಲಿಸಬೇಕಾಯಿತು, ಹಾಗಾಗಿ ಎರಡು ಕಥೆ ಬಿಟ್ಟೆ.

ಚಿತ್ರಗಳ ವಿಷಯದಲ್ಲಿ ತುಂಬಾ ಹುಷಾರಾಗಿದ್ದೆ. ಅಮೆರಿಕದಲ್ಲಿ ಆಲ್ವಿನ್ ಶ್ವಾರ್ಟ್ಸ್ 1981ರಲ್ಲಿ ಶುರುಮಾಡಿದ ಮಕ್ಕಳ ಭಯದ ಕಥೆಗಳ ಸರಣಿ, 1990ರ ದಶಕದಲ್ಲಿ ಅಲ್ಲಿನ ಲೈಬ್ರರಿಗಳಲ್ಲಿ ಅತಿ ಹೆಚ್ಚು ಆಕ್ಷೇಪ ಎದುರಿಸಿತು. ಓದಿದವರ ನೆನಪಲ್ಲಿ ಉಳಿದದ್ದು ಹೆಚ್ಚಾಗಿ ಸ್ಟೀಫನ್ ಗ್ಯಾಮೆಲ್ ಅವರ ಚಿತ್ರಗಳು. 2011ರ ಆವೃತ್ತಿಯಲ್ಲಿ ಕಥೆಗಳು ಅವೇ ಇದ್ದವು, ಚಿತ್ರ ಬದಲಾಗಿತ್ತು. ಕಥೆಯನ್ನು ಮಗು ತನಗೆ ತಡೆಯುವಷ್ಟೇ ಕಲ್ಪಿಸಿಕೊಳ್ಳಬಹುದು. ಚಿತ್ರದಲ್ಲಿ ಆ ಅವಕಾಶ ಇಲ್ಲ. ಅದಕ್ಕೇ ನಮ್ಮ ಪುಸ್ತಕದಲ್ಲಿ ಒಂದೂ ದೆವ್ವದ ಚಿತ್ರ ಇಲ್ಲ. ಅದು ಬಿಟ್ಟುಹೋದದ್ದು ಮಾತ್ರ ಇದೆ: ಹೆಜ್ಜೆ, ಗಾಜಿನ ಮೇಲಿನ ಉಸಿರಿನ ಮಂಜು, ತೂಗುತ್ತಿರುವ ಖಾಲಿ ಉಯ್ಯಾಲೆ. ಭಯದ ವಾಕ್ಯ ಬಲಪುಟದ ಕೊನೆಗೆ ಬರುವ ಹಾಗೆ ನೋಡಿಕೊಂಡೆ. ಪುಟ ತಿರುಗಿಸುವುದೋ ಬೇಡವೋ, ಮಗುವೇ ತೀರ್ಮಾನ ಮಾಡಲಿ.

ಈಗ ಬೇಸಿಗೆಯ ಕಥೆಗಳನ್ನು ಬರೆಯುತ್ತಿದ್ದೇನೆ. ಕತ್ತಲಿಲ್ಲದ ಭಯ ಕಷ್ಟ. ಒಂದು ಮಾತ್ರ ಅರ್ಧ ಆಗಿದೆ: ನಡುಮಧ್ಯಾಹ್ನ, ಎಲ್ಲರ ನೆರಳೂ ಕಾಲಡಿಗೆ ಸೇರಿದ ಹೊತ್ತು, ಬಯಲಿನಲ್ಲಿ ಒಂದೇ ಒಂದು ನೆರಳು ಉದ್ದಕ್ಕೆ ಮಲಗಿದೆ. ಅದರ ಪಕ್ಕ ಯಾರೂ ಇಲ್ಲ. ಅದಕ್ಕೆ ಏನು ಬೇಕು ಅಂತ ಇನ್ನೂ ಗೊತ್ತಾಗಿಲ್ಲ. ಅಲ್ಲಿಯವರೆಗೆ ಮಕ್ಕಳಿಗೆ ಓದುವುದಿಲ್ಲ.